ಅತ್ತಿ ನೋಡುತ್ತಿದ್ದ ಕ್ಲಾಸು

ಅತ್ತೀ,

ಹೈಫಾಂಗಿನಿಂದ ನಿಮಗೆ ದಿನಾ ಫೋನು ಮಾಡುತ್ತಿದ್ದೆ. ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಈಗ ರಾಮಸಮುದ್ರದ ನಿಮ್ಮ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಒರಗುತ್ತಿದ್ದ ಗೋಡೆಗೆ ಒರಗಲು ಧೈರ್ಯ ಸಾಲದೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡಿದ್ದೇನೆ.

ವಿಯೆಟ್ನಾಮಿನ ಅಕಾಡೆಮಿಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತೆಂದು ಗೊತ್ತಾದ ದಿನ ನೆನಪಿದೆಯೇ? ಯಾದಗಿರಿಯ ಶಾಲೆಯಿಂದ ಬಂದವಳು ಚಪ್ಪಲಿ ಕಳಚುವ ಮೊದಲೇ ಹೇಳಿದ್ದೆ. ಸುರಪುರದಿಂದ ನನ್ನ ಅವ್ವ ಬಂದು ಕೂತಿದ್ದಳು. "ಇಷ್ಟು ಸಣ್ಣ ಕೂಸಿಗಿ ಬಿಟ್ಟು ಹೆಣ್ಮಗಳು ದೇಶ ದಾಟ್ತಾಳ? ಮಂದಿ ಏನಂದಾರು?" ಅಂದಳು. ನಿಮ್ಮ ಮಗ ನೆಲ ನೋಡುತ್ತ ಕೂತಿದ್ದರು. ನೀವು ಮೈತ್ರಿಯ ತಲೆ ಬಾಚುತ್ತಿದ್ದವರು ಬಾಚಣಿಗೆ ಕೆಳಗಿಟ್ಟು, "ಗಂಡಸ್ರು ದುಬೈಗಿ ಹೋದಾಗ ಮಂದಿ ಏನಂದ್ರು ಬೀಗರ? ಅಕಿ ನಾಕು ಮಕ್ಕಳಿಗಿ ಕಲಸಾಕ ಹೊಂಟಾಳ. ಹೋಗಲಿ. ಕೂಸಿಗಿ ನಾ ಅದೀನಲ್ಲ?" ಅಂದಿರಿ. ಅಲ್ಲಿಗೆ ಮಾತು ಮುಗಿಯಿತು. ಅಂಗನವಾಡಿ ಟೀಚರಾಗಿ ಅರ್ಧ ಊರಿನ ಮೂಗು ಒರೆಸಿದವರು ನೀವು. ನಿಮ್ಮೆದುರು ಕೂಸಿನ ವಿಷಯದಲ್ಲಿ ಯಾರು ಬಾಯಿ ತೆರೆಯಬೇಕು?

ಹೈಫಾಂಗಿಗೆ ಹೋದ ಹೊಸದರಲ್ಲಿ ಒಂದು ದಿನ ಫೋನಿನಲ್ಲಿ ಅತ್ತಿದ್ದೆ. ಮೊದಲೆಲ್ಲ ಬಣ್ಣಿಸಿ ಹೇಳುತ್ತಿದ್ದೆ: ಗೋಡೆಯಷ್ಟು ದೊಡ್ಡ ಬೋರ್ಡು, ಬೆರಳು ಮುಟ್ಟಿಸಿದರೆ ಚಿತ್ರಗಳು ಓಡಾಡುತ್ತವೆ, ಪ್ರತಿ ಮಗುವಿಗೂ ಒಂದು ಟ್ಯಾಬು, ತಪ್ಪು ಉಚ್ಚರಿಸಿದ ಶಬ್ದವನ್ನು ಯಂತ್ರವೇ ಕೆಂಪು ಮಾಡಿ ತೋರಿಸುತ್ತದೆ, ಪ್ರತಿ ಕೋಣೆಗೂ ಕ್ಯಾಮೆರಾ, ತಂದೆತಾಯಿ ತಾವಿದ್ದಲ್ಲಿಂದಲೇ ಫೋನಿನಲ್ಲಿ ಕ್ಲಾಸು ನೋಡಬಹುದು. ಆ ತಂದೆತಾಯಿಗಳೇ, ಇಂಗ್ಲಿಷ್ ಕಲಿಸಲು ಇಂಡಿಯಾದವಳು ಯಾಕೆ ಎಂದು ಮ್ಯಾನೇಜರಿಗೆ ದೂರು ಕೊಟ್ಟಿದ್ದರು. ಅವರು ಒಪ್ಪದಿದ್ದರೆ ನಾನು ವಾಪಸು ಬರಬೇಕಿತ್ತು.

ನೀವು ಎಲ್ಲ ಕೇಳಿಸಿಕೊಂಡು, "ನಾ ಅಂಗನವಾಡಿಗಿ ಸೇರಿದಾಗ ನನ್ನ ಕೈಯಾಗಿನ ಉಪ್ಪಿಟ್ಟು ಉಣ್ಣಬಾರ್ದಂತ ಮಕ್ಕಳಿಗಿ ಎತಗೊಂಡು ಹೋಗ್ತಿದ್ರವ್ವ" ಅಂದಿರಿ. ನಮ್ಮ ಜಾತಿಯ ಮಾತನ್ನು ಅಷ್ಟು ತಣ್ಣಗೆ ಹೇಳಿದ್ದಿರಿ.

"ಆಮ್ಯಾಲ?"

"ಆಮ್ಯಾಲೇನು, ಹುಡುಗರು ಮನ್ಯಾಗ ಅತ್ತು ಅತ್ತು ನನ್ನ ಕಡಿಗೇ ಓಡಿ ಬಂದ್ವು. ನೀ ಹುಡುಗರ ಮಾರಿ ನೋಡು. ಅವರಪ್ಪ ಅವರವ್ವನ ಮಾರಿ ನೋಡಬ್ಯಾಡ."

ನೋಡಿದೆ, ಅತ್ತಿ. ಕೆಲಸ ಉಳಿಯಿತು.

"ನಿನ್ನ ಕ್ಲಾಸು ನನಗೂ ತೋರಸು" ಎಂದು ನೀವು ಹಟ ಹಿಡಿದದ್ದು ಅದರ ನಂತರ. ಜೊತೆಯ ಟೀಚರ್ ಲಾನ್, ಮ್ಯಾನೇಜರನ್ನು ಕೇಳಿ ನಿಮ್ಮ ಹೆಸರಿಗೂ ಒಂದು ಖಾತೆ ಮಾಡಿಸಿಕೊಟ್ಟಳು. ಯಾರಾದರೂ ನೋಡುತ್ತಿದ್ದರೆ ಬೋರ್ಡಿನ ಮೂಲೆಯಲ್ಲಿ ಪುಟ್ಟ ಹಸಿರು ಕಣ್ಣು ಉರಿಯುತ್ತದೆ, ಕೆಳಗೆ ಹೆಸರು. ಮೊದಲ ದಿನ ಕನ್ನಡದ ‘ಅತ್ತಿ’ ಮೂಡಿದಾಗ ಮಕ್ಕಳು ಅದೇನು ಚಿತ್ರ ಎಂದು ಕೇಳಿದವು. "ನನ್ನ ತಾಯಿ" ಅಂದೆ. ಆಮೇಲೆ ನಿಮ್ಮ ಚಹಾದ ಹೊತ್ತು ನನ್ನ ಕ್ಲಾಸಿನ ಹೊತ್ತಾಯಿತು. ಕ್ಲಾಸು ಮುಗಿದ ಮೇಲೆ ಫೋನು ಮಾಡಿದರೆ, "ಎರಡು ಜಡಿ ಹುಡುಗಿ ಯಾಕ ಬಂದಿಲ್ಲ ಇವತ್ತ? ಜ್ವರೇನು?" ಅನ್ನುತ್ತಿದ್ದಿರಿ. ಅವರ ಹೆಸರು ನಿಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಆದರೆ ಒಂದು ಮಗುವೂ ನಿಮ್ಮ ಲೆಕ್ಕ ತಪ್ಪುತ್ತಿರಲಿಲ್ಲ.

ಆ ದಿನ ಪ್ರಾಣಿಗಳ ಪಾಠ. ಹಸಿರು ಕಣ್ಣು ಉರಿಯುತ್ತಿತ್ತು. ನೀವಿದ್ದೀರೆಂದು ನನಗೆ ಹುರುಪು. ಎಮ್ಮೆಯ ಚಿತ್ರ ಬಂದಾಗ ನಮ್ಮ ಓಣಿಯ ಎಮ್ಮೆ ಹೇಗೆ ಕೂಗುತ್ತದೆಂದು ಕೂಗಿಯೇ ತೋರಿಸಿದೆ. ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಅದನ್ನು ನಿಮಗಾಗಿಯೇ ಮಾಡಿದ್ದು. ಕೊನೆಗೆ ಕ್ಯಾಮೆರಾದತ್ತ ಕೈ ಬೀಸಿದೆ. ಮಕ್ಕಳು ಹೋದರು, ಕೋಣೆಯ ದೀಪ ಆರಿಸಿದೆ. ಆ ಕಣ್ಣು ಮಾತ್ರ ಆರಲಿಲ್ಲ. ಬಂದ್ ಮಾಡುವುದನ್ನು ಮರೆತಿದ್ದೀರೆಂದು ನಗುತ್ತ ಫೋನು ಹಚ್ಚಿದೆ. ರಿಂಗಾಯಿತು. ಮತ್ತೆ ಹಚ್ಚಿದೆ.

ಆಮೇಲೆ ಬಂದದ್ದು ನಿಮ್ಮ ಮಗನ ಫೋನು. ಕಡೇಚೂರಿನ ಫ್ಯಾಕ್ಟರಿಯಿಂದ ಶಿಫ್ಟು ಅರ್ಧಕ್ಕೇ ಬಿಟ್ಟು ಬಂದಿದ್ದರು.

"ಅವ್ವ ಹೋದ್ಲು, ಸುಜಾತಾ."

"ಈಗ ನನ್ನ ಕ್ಲಾಸು ನೋಡಾಕತ್ತಿದ್ರಲ್ರಿ!"

"ಹೌದು. ಮಜ್ಜಿಗಿ ಕೊಡಾಕ ಬಂದ ನಾಗಮ್ಮ ನೋಡ್ಯಾಳ. ಕೂತಲ್ಲೇ ಎದಿ ನಿಂತದ. ಡಾಕ್ಟರ್ ಅಂತಾರ, ಅಕಿ ಬರೂದ್ರಾಗ ತಾಸಿನ ಮ್ಯಾಲ ಆಗಿತ್ತಂತ."

ಮೈತ್ರಿ ಅಂಗಳದಲ್ಲಿ ಆಡುತ್ತಿದ್ದಳಂತೆ. ನಡುವೆ ಒಳಗೆ ಬಂದು, ಅಜ್ಜಿ ಮಲಗಿದ್ದಾಳೆಂದು ಸದ್ದಾಗದಂತೆ ಹೊರಗೆ ಹೋದಳಂತೆ.

ತಾಸಿನ ಮೇಲೆ ಅಂದರೆ... ಎಮ್ಮೆ ಕೂಗಿದ್ದು ನಿಮಗೆ ಕೇಳಿಸಿತೇ, ಅತ್ತಿ? ಇಲ್ಲ, ಅದಕ್ಕೂ ಮೊದಲೇ... ಹಾಗಾದರೆ ನಾನು ಕೈ ಬೀಸಿದ್ದು ಯಾರಿಗೆ?

ನಿಮ್ಮನ್ನು ಮಣ್ಣು ಮಾಡುವಾಗ ನಾನಿರಲಿಲ್ಲ. ವಿಮಾನದ ಟಿಕೆಟು ಸಿಗಲಿಲ್ಲ. ನಿಮ್ಮ ಮಗ ವಿಡಿಯೋ ಕಾಲ್ ಹಚ್ಚಿ ಪಕ್ಕದವರ ಕೈಗೆ ಕೊಟ್ಟಿದ್ದರು. ಊರ ಹೊರಗೆ ನೆಟ್‌ವರ್ಕ್ ಎಲ್ಲಿ? ಬುದ್ಧ ವಂದನೆ ತುಂಡುತುಂಡಾಗಿ ಕೇಳಿತು. ಚಿತ್ರ ಯಾರದೋ ಅಂಗಿಯ ಬೆನ್ನ ಮೇಲೆ ನಿಂತುಬಿಟ್ಟಿತು. ನಿಮ್ಮ ಮುಖ ನೋಡುತ್ತೇನೆಂದು ಕಾದು ಕಾದು, ಆ ಬೆವರಿದ ಅಂಗಿಯನ್ನೇ ನೋಡುತ್ತ ಕೂತೆ. ಲಾನ್ ನನ್ನ ಹೆಗಲು ಹಿಡಿದುಕೊಂಡಿದ್ದಳು. ಆಮೇಲೆ ಕಾಲ್ ಕಟ್ಟಾಯಿತು.

ಹೈದರಾಬಾದಿನಲ್ಲಿ ವಿಮಾನದಿಂದ ಇಳಿದು, ಸೈದಾಪುರದಲ್ಲಿ ರೈಲಿನಿಂದ ಕೆಳಗಿಳಿದಾಗ ನಿಮ್ಮ ಮಗ ಒಬ್ಬರೇ ನಿಂತಿದ್ದರು. ಮನೆಯಲ್ಲಿ ಸಂಜೆ ಮೈತ್ರಿ ನಿಮ್ಮ ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ಅದರ ಮುಂದೆ ಕೂತಳು. "ಅಜ್ಜಿ ಹಿಂಗ ಕೂಡ್ತಿದ್ಲು" ಅಂದಳು.

"ಕೂತು ಏನ್ ಮಾಡ್ತಿದ್ಲು?"

"ಮಾತಾಡ್ತಿದ್ಲು. ‘ನೀರು ಕುಡಿಯವ್ವ, ಗಂಟಲ ಒಣಗ್ಯದ ನಿಂದು, ನೀರು ಕುಡಿ’ ಅಂತಿದ್ಲು. ಟೀಚರ್ ಕುಡಿದ್ರ, ‘ಹಾಂ, ಈಗ ಕಲಸು’ ಅಂತಿದ್ಲು."

ನಿಮ್ಮ ದನಿ ಈ ಕಡೆಗೆ ಬರುತ್ತಿರಲಿಲ್ಲ, ಅತ್ತಿ. ಅದು ಬರೀ ನೋಡುವ ಆ್ಯಪು. ಬರುವುದಿಲ್ಲವೆಂದು ನಿಮಗೂ ಗೊತ್ತಿತ್ತು. ಆದರೂ ಇಷ್ಟು ದಿನ... ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ.

ಮೈತ್ರಿ ‘ಟೀಚರ್’ ಅಂದದ್ದು ನಿಮಗೆ ಕೇಳಿಸಿತಲ್ಲ? ನನ್ನನ್ನೇ ಅಂದದ್ದು. ಎದುರಿಗೆ ‘ಮಮ್ಮಿ’ ಅನ್ನುತ್ತಾಳೆ, ಆದರೆ ಬಂದ ನೆಂಟರಿಗೆ ಹಚ್ಚುವ ಹಾಗೆ ‘ರಿ’ ಹಚ್ಚುತ್ತಾಳೆ. "ಮಮ್ಮಿ, ಚಾ ಕುಡಿತೀರೇನ್ರಿ?" "ಮಮ್ಮಿ, ಇಲ್ಲಿ ಕೂಡ್ರಿ." ಊಟಕ್ಕೆ ಕೂತರೆ ಕೇಳಿ ಹಾಕಿಸಿಕೊಳ್ಳುತ್ತಾಳೆ, ಬೇಡವೆಂದರೆ ಸುಮ್ಮನಾಗುತ್ತಾಳೆ. ಹೆತ್ತವಳ ಹತ್ತಿರ ಆರು ವರ್ಷದ ಕೂಸು ಇಷ್ಟು ಶಿಸ್ತಾಗಿ ಇರುತ್ತದೆಯೇ? ಕೆಲಸ ಬಿಟ್ಟುಬಿಡುತ್ತೇನೆ ಅಂದೆ. ನಿಮ್ಮ ಮಗ, "ಬಿಡಬ್ಯಾಡ. ಕೂಸಿಗಿ ಕರಕೊಂಡು ಹೋಗು. ನಾ ಹ್ಯಾಂಗರ ಇರ್ತೀನಿ, ರಜಾ ಸಿಕ್ಕಾಗ ಬರ್ತೀನಿ" ಅಂದರು. ಅಕಾಡೆಮಿಯವರು ಒಪ್ಪಿದ್ದಾರೆ. ಅಲ್ಲಿ ಶಾಲೆಗೆ ಸೇರಿಸಲು ಲಾನ್ ಓಡಾಡುತ್ತಿದ್ದಾಳೆ. ಮೈತ್ರಿಯನ್ನು ಇನ್ನು ಬಿಟ್ಟಿರುವುದಿಲ್ಲ, ಅತ್ತಿ. ಇದು ನನ್ನ ಮಾತು.

ಇವತ್ತು ಮುಂಜಾನೆ ಬಟ್ಟೆ ಜೋಡಿಸುವಾಗ ಒಂದು ಕೆಲಸ ಕೆಟ್ಟಿತು. ಮೈತ್ರಿ ಹೊದ್ದು ಮಲಗುವ ನಿಮ್ಮ ಹಸಿರು ಸೀರೆಯನ್ನು ಒಗೆದು ಜೊತೆಗೆ ಒಯ್ಯೋಣವೆಂದು ಬಕೀಟಿನಲ್ಲಿ ನೆನೆಸಿದ್ದೆ. ಅವಳು ಎದ್ದು ಬಂದು ನೋಡಿದವಳೇ ಚಿಟ್ಟನೆ ಚೀರಿದಳು. ತೊಯ್ದ ಸೀರೆಯನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು. "ಅಜ್ಜಿ ವಾಸನಿ ಹೋಯ್ತು! ನೀ ಯಾಕ ತೊಯ್ಸಿದಿ? ನೀ ಕೆಟ್ಟಕಿ! ನಿನ್ನ ಕೂಡ ಮಾತೇ ಆಡಂಗಿಲ್ಲ!" ಎಂದು ಎರಡೂ ಕೈಯಿಂದ ನನ್ನ ಎದೆಗೆ ಗುದ್ದಿದಳು. ನಾನು ಗುದ್ದಿಸಿಕೊಂಡೆ, ಅವಳನ್ನು ಎತ್ತಿ ತಂದು ಈ ಚಾಪೆಯ ಮೇಲೆ ಕೂತೆ. ಗುದ್ದಿ ಗುದ್ದಿ ಸುಸ್ತಾಗಿ, ಆ ಒದ್ದೆ ಸೀರೆಯ ಸಮೇತ ನನ್ನ ತೊಡೆಯ ಮೇಲೆ ಬಿದ್ದು ಬಿಕ್ಕುತ್ತ ನಿದ್ದೆ ಹೋದಳು. ಇನ್ನೂ ಎದ್ದಿಲ್ಲ. ಕಾಲು ಜೋಮು ಹಿಡಿದಿದೆ, ಆದರೂ ಅಲುಗಾಡಿಸದೆ ಇದನ್ನು ಬರೆಯುತ್ತಿದ್ದೇನೆ.

ನನಗೆ ‘ನೀ’ ಅಂದಳು, ಅತ್ತಿ.

ನಿಮ್ಮ
ಸುಜಾತಾ