ಅಧ್ಯಯನಕ್ಕೆ ಕರೆ ಬಂದಾಗ

ಮೆಕಾಂಗ್ ಪೂರ್ವದಂಡೆ, ಕಾಂಬೋಡಿಯಾ
ಮೇ ೧೯೭೮

ಪ್ರೀತಿಯ ಬಾಂಗ್ ಸಾರೋತ್,

ಮದುವೆಯಾದಂದಿನಿಂದ ಕರೆದ ಹಾಗೆಯೇ 'ಬಾಂಗ್' ಎಂದೇ ಕರೆದಿದ್ದೇನೆ. ಗಂಡನನ್ನೂ 'ಮಿತ್ರ' ಎನ್ನಬೇಕೆಂಬ, ನಮ್ಮನ್ನಾಳುವ ಸಂಘಟನೆಯ ನಿಯಮ ಈ ಕಾಗದಕ್ಕೆ ಬೇಡ. ಮೀನು ತಂಡದ ಪೌ ಚಿಕ್ಕಮ್ಮ ಇದನ್ನು ಒಣಮೀನಿನ ಕೆಳಗಿಟ್ಟು ದೋಣಿಯಲ್ಲಿ ತರುತ್ತಾಳೆ. ವಾಸನೆಯನ್ನು ಕ್ಷಮಿಸು. ಓದಿ ಸುಟ್ಟುಬಿಡು.

ರಾಜಧಾನಿಯಿಂದ ನಿನಗೆ ಅಧ್ಯಯನ ಸಭೆಗೆ ಕರೆ ಬಂದಿದೆಯಂತೆ. ಅದಕ್ಕಾಗಿ ಹೊಸ ಟೈರಿನ ಚಪ್ಪಲಿಯನ್ನೂ ಮಾಡಿಸಿಕೊಂಡೆಯಂತೆ. ಹೇಳಬೇಕಾದದ್ದು ಇಷ್ಟೇ: ಹೋಗಬೇಡ.

ನಿನ್ನೆ ಗಂಜಿ ಕುಡಿಯುತ್ತ ಚಿಕ್ಕಮ್ಮ, "ಅದೇನ್ ಓದೋ ಕಣೇ, ಹೋದೋರು ಒಬ್ರೂ ಪಾಸಾಗಿ ಮನೆಗ್ ಬರ್ಲಿಲ್ಲ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಸುತ್ತ ನೋಡಿದೆವು.

ನಿನ್ನ ಉತ್ತರ ನನಗೆ ಗೊತ್ತು. ಕಳೆದ ಸಲ ಬಂದಾಗಲೇ ನೀನು ಹೇಳಿದ್ದೆ: "ಮೇಲಿನೋರಿಗೆ ಇದ್ಯಾವ್ದೂ ಗೊತ್ತಿಲ್ಲ ಕಣೆ. ಎಲ್ಲಾ ಮಧ್ಯದೋರ ಕೆಲ್ಸ. ನಾನೇ ಹೋಗಿ ಎದುರಿಗೆ ಕೂತು ಹೇಳ್ತೀನಿ." ಖೆಮ್ ಅಣ್ಣನೂ ಇದನ್ನೇ ಹೇಳಿ ಜೀಪು ಹತ್ತಿದ. ನಿನ್ನನ್ನು ಚಳವಳಿಗೆ ಕರೆತಂದವನು ಅವನು. ಅವನೀಗ ದ್ರೋಹಿಯಂತೆ. ಸುದ್ದಿ ಬಂದ ದಿನ ನೀನು ಊಟ ಬಿಟ್ಟೆ, ಆದರೂ "ಸಂಘಟನೆ ಸುಮ್ಸುಮ್ನೆ ಹೇಳುತ್ತಾ?" ಎಂದೆ. ಯಾರು ಕರೆತಂದರೆಂದು ಪ್ರತಿಯೊಬ್ಬರೂ ಬರೆದುಕೊಡಬೇಕಲ್ಲ, ನೀನು ಪ್ರತಿಸಲವೂ ಹೆಮ್ಮೆಯಿಂದ ಖೆಮ್ ಹೆಸರನ್ನೇ ಬರೆದೆ. ಈಗ ಅದನ್ನು ಓದುವವರಿಗೆ ಬೇರೆ ಅರ್ಥ ಕಾಣುತ್ತದೆ.

ಕಾಲುವೆ ಅಗೆಯುತ್ತ ಯೋಚಿಸಿದ್ದೇನೆ. ಮೊದಲು ಹಳೆಯ ಸರಕಾರದವರು ಹೋದರು. ನಾವು ಕಾರಣ ಕೇಳಲಿಲ್ಲ. ಶತ್ರುಗಳು ಮುಗಿದರು, ಇನ್ನು ನೆಮ್ಮದಿ ಎಂದುಕೊಂಡೆವು. ಆದರೆ ಸೋತವರಿಂದ ಮೇಲಿನವರಿಗೆ ಏನು ಭಯ? ಅವರನ್ನು ಇಳಿಸಬಲ್ಲವರು ಏರಿಸಿದವರು ಮಾತ್ರ. ನಿನ್ನ ಕೈಕೆಳಗಿನ ಸೈನಿಕರ ತುಕಡಿ ನಿನ್ನ ಮಾತು ಕೇಳುತ್ತದೆ. ನಿನ್ನ ತಪ್ಪು ಅದೊಂದೇ.

ನಿನ್ನ ಸೈನಿಕರನ್ನು ಕರೆದುಕೊಂಡು ಕಾಡಿಗೆ ಹೋಗು. ನನ್ನ ಸಲುವಾಗಿ ಇಲ್ಲಿಗೆ ಬರಬೇಡ. ನಾನು ಆರಾಮವಾಗಿದ್ದೇನೆ. ನಾಳೆ ಹಳ್ಳಿಯವರನ್ನೆಲ್ಲ ನದಿಯಾಚೆ ಪಶ್ಚಿಮಕ್ಕೆ ಕಳಿಸುತ್ತಾರೆ. ಅಲ್ಲಿ ಗಂಜಿಯಲ್ಲ, ಅನ್ನವೇ ಸಿಗುತ್ತದಂತೆ. ಮಳೆಗಾಲ ಮುಗಿದ ಮೇಲೆ ನಾನೇ ನಿನ್ನನ್ನು ಹುಡುಕಿಕೊಂಡು ಬರುತ್ತೇನೆ.

ನಿನ್ನ
ಥಾವಿ

ಮರೆತ ಮಾತು: ಹೊರಡುವವರಿಗೆಲ್ಲ ಇವತ್ತು ಹೊಸ ಹೆಗಲ ಬಟ್ಟೆ ಹಂಚಿದರು, ನೀಲಿ ಚೌಕಳಿಯದು. ಖೆಮ್ ಅಣ್ಣನ, ನಿನ್ನ ಸೀಮೆಯವರಾದ ಪೂರ್ವದ ನಮಗೆ ಮಾತ್ರ. ಯಾಕೆಂದು ಕೇಳಿದರೆ ಹಂಚುವವನು ನಕ್ಕು, "ಗುಂಪಲ್ಲಿ ಎಲ್ಲೇ ಇದ್ರೂ ನಿಮ್ಮನ್ನ ದೂರದಿಂದ್ಲೇ ಗುರುತು ಹಿಡೀಬೋದಲ್ಲ ಅಕ್ಕಾ" ಎಂದ. ಚಿಕ್ಕಮ್ಮ ತನ್ನ ಜೊತೆಗೇ ಬಾ ಎಂದು ಬಹಳ ಬೇಡಿಕೊಂಡಳು, ದೋಣಿಯಲ್ಲಿ ಜಾಗವಿದೆ. ಆದರೆ ಬೆಳಗಿನ ಎಣಿಕೆಯಲ್ಲಿ ಒಬ್ಬಳು ಕಡಿಮೆಯಾದರೂ ನದಿಯಲ್ಲಿರುವ ದೋಣಿಗಳನ್ನೆಲ್ಲ ಜಾಲಾಡುತ್ತಾರೆ. ಈ ಕಾಗದ ನಿನ್ನನ್ನು ಮುಟ್ಟಬೇಕು.