ಗುಂಡನ ಗೊರಸಿನ ಮೊಳೆ

೧೮-೨-೧೯೫೭, ಸೋಮವಾರ

ಗುಂಡ ಇನ್ನೂ ಕುಂಟುತ್ತಿದ್ದಾನೆ. ತಪ್ಪು ನನ್ನದೇ. ಇಲ್ಲಿ ಬರೆಯಬಲ್ಲೆ, ಸೊಸೆಯ ಮುಂದೆ ಹೇಳಲಾರೆ.

ಮೊಮ್ಮಗಳಿಗೆಂದು ತರಿಸಿದ ಈ ಕುಳ್ಳ ಕುದುರೆಗೆ ಲಾಳ ಹೊಡೆಯಲು ಹೋದ ತಿಂಗಳು ಗಫೂರ್ ಸಾಹೇಬರು ಬಂದಿದ್ದರು. ಮಾಗಡಿ ರಸ್ತೆಯ ಜಟಕಾ ಕುದುರೆಗಳಿಗೆಲ್ಲ ಅವರೇ. "ಇಷ್ಟು ಪುಟ್ಟ ಕುದ್ರೆಗೆ ಲಾಳ ಯಾಕಮ್ಮಾ? ಗೊರಸು ಕೆತ್ತಿದ್ರೆ ಸಾಕು" ಎಂದರು. ನಮ್ಮ ಮನೆಯ ಕುದುರೆ ಬರಿಗಾಲಲ್ಲಿ ತಿರುಗಬೇಕೆ ಎಂದು ರೇಗಿ ಅವರನ್ನು ಕಳಿಸಿಬಿಟ್ಟೆ. ಬ್ಯಾಡರಹಳ್ಳಿಯಿಂದ ಎತ್ತಿಗೆ ಲಾಳ ಕಟ್ಟುವ ತಿಮ್ಮಯ್ಯನನ್ನು ಕರೆಸಿದೆ. ಅವನು ಎತ್ತನ್ನು ಕೆಡವುವ ಹಾಗೆಯೇ ಹಗ್ಗ ಹಾಕಿ ಗುಂಡನನ್ನು ಕೆಡವಿದ. ಲಾಳದ ಮೊಳೆ ಗೊರಸು ದಾಟಿ ಮಾಂಸಕ್ಕೆ ಇಳಿಯಿತು.

ಇವತ್ತು ಗಫೂರರಿಗೇ ಮತ್ತೆ ಹೇಳಿ ಕಳಿಸಬೇಕಾಯಿತು. ಬಂದರು, ಗುಂಡ ಅವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೀವೇ ಕೂತ್ಕೊಳ್ಳಿ ಅಮ್ಮಾ, ನಿಮ್ ದನಿ ಅದಕ್ಕೆ ಗೊತ್ತು" ಎಂದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲದ್ದಿಯ ನೆಲದ ಮೇಲೆ ಕುಳಿತು ಗೊರಸನ್ನು ಮಡಿಲಲ್ಲಿಟ್ಟುಕೊಂಡೆ. ಅವರು ಮೊಳೆ ಕಿತ್ತು, ಕೀವು ತೊಳೆದರು.

"ಹದಿನೈದು ದಿನ ಬಿಟ್ಟು ಬರ್ತೀನಿ" ಎಂದರಷ್ಟೆ. ಆವತ್ತೇ ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಿದ್ದರೆ ಎದುರುತ್ತರ ಕೊಡುತ್ತಿದ್ದೆ. ಅದಕ್ಕೂ ಎಡೆಕೊಡಲಿಲ್ಲ.

ಕೀವು ತಾಗಿದ ಸೀರೆ ಮೂಲೆಯಲ್ಲೇ ಬಿದ್ದಿದೆ. ಒಗೆಯಲು ಹಾಕೆಂದು ಸೊಸೆಗೆ ಹೇಳೋಣವೆಂದರೆ, ತಪ್ಪು ನನ್ನದೆಂದು ಅವಳ ಮುಂದೆ ಒಪ್ಪಿಕೊಂಡ ಹಾಗಾಗುತ್ತದೆ.