ನೀಲಿಗಟ್ಟಿದ ಬೆರಳಿನ ಗುರುತು

ಕಂಪಲಾಪುರ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆ ರೂಪಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಬೆಳಿಗ್ಗೆ ಎದ್ದವರೇ ತಣ್ಣೀರು ಮುಟ್ಟಬೇಡಿ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಹೋಗುವಾಗ ಡಾಕ್ಟರ ಚೀಟಿಯನ್ನು ಇಲ್ಲೇ ಬಿಟ್ಟು ಹೋಗಿದ್ದಿರಿ, ಈ ಕವರಿನಲ್ಲೇ ಇಟ್ಟಿದ್ದೇನೆ. ಫೋನು ಮಾಡಿ ಮಾತಾಡೋಣವೆಂದರೆ ನಿಮ್ಮ ತಮ್ಮ ದೇವಯ್ಯ ಮಾವ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿರುತ್ತಾರೆ, ಹಂಪಾಪುರದ ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ನಾನು ಹೇಳಬೇಕಾಗಿರುವುದು ಅಷ್ಟು ಜನರ ಮುಂದೆ ಹೇಳುವಂಥದ್ದಲ್ಲ. ನೀವು ಅಕ್ಷರ ಕೂಡಿಸಿಕೊಂಡು ಓದುವವರು ಎಂದು ದಪ್ಪಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಬೇರೆಯವರ ಕೈಲಿ ಓದಿಸಬೇಡಿ ಅತ್ತೆ, ನೀವೇ ಓದಿ.

ಬುಧವಾರ ನಿಮ್ಮ ಮಗ ಅಲ್ಲಿಗೆ ಬಂದು, ತಿಂಗಳಿಂದ ನಿಮಗೆ ಹೇಳದೆ ಇದ್ದದ್ದನ್ನು, ನಿಮ್ಮ ಮೊಮ್ಮಗಳು ಅನುವಿಗೆ ಏನಾಗಿದೆ ಎಂಬುದನ್ನು ಹೇಳಿದಾಗ ನೀವು ಬಹಳ ಹೊತ್ತು ನಿಮ್ಮ ಕೈಗಳನ್ನೇ ನೋಡುತ್ತಾ ಕೂತಿದ್ದಿರಂತೆ. ಆಮೇಲೆ, “ಈ ಕೈಯಿಂದ್ಲೇ ಆಗದೆ ಕಣಪ್ಪ ಮಗೀಗೆ. ನಾನು ಮುಟ್ಟೋದು ಬ್ಯಾಡ, ಬರಾಕಿಲ್ಲ” ಅಂದಿರಂತೆ. ಇದನ್ನು ಹೇಳಿ ಅವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಮದುವೆಯಾಗಿ ಒಂಬತ್ತು ವರ್ಷವಾಯಿತು, ಮಾವ ತೀರಿಕೊಂಡ ದಿನವೂ ಅವರು ಹಾಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಿಮ್ಮ ತಲೆಗೆ ಆ ಮಾತು ತುಂಬಿದವಳು ನಾನು. ಅದನ್ನು ತೆಗೆಯಬೇಕಾದವಳೂ ನಾನೇ. ಅದಕ್ಕೇ ಒಂದು ದಿನದ ಮಟ್ಟಿಗೆ ಬಟ್ಟೆ, ಆಧಾರ್ ಕಾರ್ಡು ತೆಗೆದುಕೊಂಡು ಹೋಗಲು ಊರಿಗೆ ಬಂದವಳು, ಎಲ್ಲ ಬಿಟ್ಟು ಮೊದಲು ಇದನ್ನು ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ ಅನ್ನಿಸಬಹುದು, ಸಹಿಸಿಕೊಳ್ಳಿ. ನಾನು ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಹುಣಸೂರಿಗೆ ಹೋದರೆ ಮನೆ ಸೇರುವಾಗ ಏಳೂವರೆ. ಮಗು ಬೆಳೆದದ್ದು ನಿಮ್ಮ ಕೈಯಲ್ಲಿ. ಹಾಗಾಗಿ ಎಲ್ಲವೂ ಮೊದಲು ಕಂಡದ್ದು ನಿಮಗೆ. ದಸರಾ ರಜೆ ಮುಗಿದ ಮೇಲೆ ಜ್ವರ ಬಂತು, ಮೂರು ದಿನಕ್ಕೆ ಬಿಟ್ಟಿತು, ವಾರಕ್ಕೆ ಮತ್ತೆ ಬಂತು. “ಬುಟ್ಟು ಬುಟ್ಟು ಬತ್ತದೆ ಕಣವ್ವ, ಇದು ಬರೀ ಶೀತ ಅಲ್ಲ” ಎಂದಿರಿ. ಬೀದಿಯಲ್ಲಿ ಕುಣಿಯುತ್ತಿದ್ದವಳು ಸ್ಕೂಲಿನಿಂದ ಬಂದು ಚೀಲ ಕೂಡ ಬಿಚ್ಚದೆ ಜಗಲಿಯ ಮೇಲೆ ಮಲಗುತ್ತಾಳೆ ಎಂದಿರಿ. ಮುದ್ದೆ ನುಂಗುವವಳು ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾಳೆ ಎಂದಿರಿ. ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡದ್ದನ್ನೂ ಹೇಳಿದಿರಿ. ಒಂದು ಸಂಜೆಯಂತೂ ನಾನು ಚಪ್ಪಲಿ ಬಿಡುವ ಮೊದಲೇ ಅವಳನ್ನು ಬಲ್ಬಿನ ಕೆಳಗೆ ನಿಲ್ಲಿಸಿ, “ನೋಡು, ಕಣ್ಣೊಳಗೆ ಸುಣ್ಣ ಬಳ್ದಂಗೆ ಆಗದೆ. ಒಂದ್ಸಲ ರಕ್ತ ಪರೀಕ್ಷೆ ಮಾಡ್ಸವ್ವ” ಎಂದು ಬೇಡಿಕೊಂಡಿರಿ. ನಾನೇನು ಅಂದೆ? “ಎಲ್ಲಾ ಮಕ್ಳೂ ಇಂಗೇ ಕಣತ್ತೆ, ಬುಡಿ.” ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಟಾನಿಕ್ ತಂದುಕೊಟ್ಟು ಕೈ ತೊಳೆದುಕೊಂಡೆ.

ಕಾಲುನೋವೆಂದು ಅಳಲು ಶುರು ಮಾಡಿದ ಮೇಲೆ ನೀವು ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಅವಳ ಕಾಲು ನೀವುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಭಾನುವಾರ ಸ್ನಾನ ಮಾಡಿಸುವಾಗ ಮೀನಖಂಡದ ಮೇಲೆ ನಾಲ್ಕು ಬೆರಳು ಮೂಡಿ ನೀಲಿಗಟ್ಟಿದ್ದನ್ನು ನೋಡಿದಾಗ ನನಗೆ ಬುದ್ಧಿಯೇ ಇಲ್ಲವಾಯಿತು. ತೋಳಿನ ಮೇಲೆ ಎರಡು, ಬೆನ್ನಿನ ಮೇಲೆ ಅಂಗೈಯಷ್ಟಗಲ ಒಂದು. “ಯಾರು ಹೊಡೆದದ್ದು?” ಎಂದರೆ ಮಗು “ಯಾರೂ ಇಲ್ಲ” ಅಂದಳು. ಹೆದರಿಕೊಂಡು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳನ್ನು ಒದ್ದೆ ಮೈಯಲ್ಲೇ ಎತ್ತಿಕೊಂಡು ಬಂದು, ನೀವು ಗೇಟಿನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದಾಗ, ಬೀದಿಯವರೆಲ್ಲ ನಿಂತು ನೋಡುವ ಹಾಗೆ ಕೂಗಾಡಿದೆ. ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ನೀವು ಒಂದೇ ಮಾತು ಹೇಳಿದಿರಿ: “ಕಾಲು ನೀವ್ದೆ ಕಣವ್ವ, ಒಡೀನಿಲ್ಲ.” ನಿಮ್ಮ ಮಗ ಎಷ್ಟು ತಡೆದರೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟಿರಿ. ನಾನು ಬಾಗಿಲಿಗೂ ಬರಲಿಲ್ಲ.

ನೀವು ಹೋದ ಮೇಲೆ ಗುರುತುಗಳು ಹೋಗಲಿಲ್ಲ ಅತ್ತೆ, ಹೊಸವು ಬಂದವು. ಸಾಸಿವೆ ಕಾಳು ಚೆಲ್ಲಿದ ಹಾಗೆ ಪಾದದ ಮೇಲೆಲ್ಲ ಕೆಂಪು ಚುಕ್ಕೆ. ಸೊಳ್ಳೆ ಕಚ್ಚಿದ್ದು ಅಂದುಕೊಂಡೆ. ಹದಿನೈದನೆಯ ದಿನ ಸ್ಕೂಲಿನಿಂದ ಟೀಚರು ಫೋನು ಮಾಡಿದರು, ಮೂಗಿನಿಂದ ರಕ್ತ ಬರುತ್ತಿದೆ, ನಿಲ್ಲುತ್ತಿಲ್ಲ ಎಂದು. ನಿಮ್ಮ ಮಗ ಗಿರಣಿ ಹಾಗೇ ಬಿಟ್ಟು ಪಿರಿಯಾಪಟ್ಟಣದ ಆಸ್ಪತ್ರೆಗೆ ಓಡಿದರು, ನಾನು ಹುಣಸೂರಿನಿಂದ ಅಲ್ಲಿಗೇ ಹೋದೆ. ಅಲ್ಲಿದ್ದ ಲೇಡಿ ಡಾಕ್ಟರು ಕಲೆಗಳನ್ನು ನೋಡುತ್ತಿದ್ದಂತೆ, ಅವರು ಕೇಳುವ ಮೊದಲೇ ನಾನು “ಇವಳಜ್ಜಿ ಹೊಡೆದಿದ್ದು ಮೇಡಂ” ಅಂದೆ. ಆಗಲೂ ಅಂದೆ. ಅವರು ಅವಳ ಕಣ್ಣರೆಪ್ಪೆ ಎಳೆದು ನೋಡಿದರು, ಕತ್ತಿನ ಪಕ್ಕ ಗಂಟುಗಳನ್ನು ಮುಟ್ಟಿದರು, ಹೊಟ್ಟೆಯ ಎಡಗಡೆ ಒತ್ತಿ ನೋಡಿದರು. ಜ್ವರ ಎಷ್ಟು ಸಲ ಬಂತು, ಕಾಲು ನೋಯುತ್ತಾ, ಊಟ ಕಡಿಮೆಯಾಗಿದೆಯಾ ಎಂದು ಒಂದೊಂದಾಗಿ ಕೇಳಿದರು. ಅವರು ಕೇಳಿದ್ದಕ್ಕೆಲ್ಲ ನನ್ನ ಬಾಯಿಂದ ಬಂದ ಉತ್ತರ ನೀವು ನನಗೆ ಹೇಳಿದ್ದೇ ಆಗಿತ್ತು. ರಕ್ತದ ರಿಪೋರ್ಟು ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಇದು ಹೊಡೆದ ಗುರುತಲ್ಲಮ್ಮ. ಈಗಲೇ ಮೈಸೂರಿಗೆ ಹೊರಡಿ, ನಾಳೆಗೆ ಇಟ್ಟುಕೊಳ್ಳಬೇಡಿ” ಅಂದರು.

ಮೈಸೂರಿನಲ್ಲಿ ಸೊಂಟದ ಮೂಳೆಯಿಂದ ತೆಗೆದು ಪರೀಕ್ಷೆ ಮಾಡಿದರು. ರಕ್ತದ ಕ್ಯಾನ್ಸರು. ಅಲ್ಲಿನ ಡಾಕ್ಟರು ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೂಳೆಯೊಳಗೆ ರಕ್ತ ಹುಟ್ಟುವ ಜಾಗದಲ್ಲಿ ಕೆಟ್ಟ ಕಣಗಳು ತುಂಬಿಕೊಂಡು ಒಳ್ಳೆಯ ರಕ್ತಕ್ಕೆ ಜಾಗವೇ ಇಲ್ಲದಂತಾಗಿದೆ. ಕಾಲುನೋವು ಅದರಿಂದ, ಬಿಳಚಿಕೊಂಡದ್ದು ಅದರಿಂದ, ಜ್ವರವೂ ಅದರಿಂದ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಲಕ್ಷಗಟ್ಟಲೆ ಇರಬೇಕಾದಲ್ಲಿ ಒಂಬತ್ತು ಸಾವಿರ ಉಳಿದಿದ್ದವು. ಹಾಗಿರುವಾಗ ಹೂವು ಹಿಡಿದಂತೆ ಹಿಡಿದರೂ ಕಲೆ ಬೀಳುತ್ತದಂತೆ. ಮೊದಲ ದಿನ ಸೂಜಿ ಚುಚ್ಚುವಾಗ ಅವಳು ಕೊಸರಾಡದಿರಲೆಂದು ಮೊಣಕೈ ಹಿಡಿದುಕೊಂಡಿದ್ದೆ. ಗಟ್ಟಿಯಾಗಿ ಕೂಡ ಹಿಡಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಅಲ್ಲಿ ನನ್ನ ನಾಲ್ಕು ಬೆರಳು ನೀಲಿಯಾಗಿ ಮೂಡಿದ್ದವು. ಅದೇ ಬಣ್ಣ, ಅದೇ ಆಕಾರ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿದೆ, ಎಣ್ಣೆ ಹಚ್ಚಿ ಕಾಲು ನೀವಿದ್ದರಿಂದ ಹೀಗಾಗಬಹುದಾ ಎಂದು. “ಖಂಡಿತ ಇಲ್ಲ. ಕಾಲು ನೀವದಿದ್ದರೂ ಇದು ಬರುತ್ತಿತ್ತು. ಯಾರಿಂದಲೂ ಬಂದದ್ದಲ್ಲ ಇದು” ಅಂದರು. ಈ ಸಾಲನ್ನು ಎರಡು ಸಲ ಓದಿ. ಮನೆಯಲ್ಲಿ ಮೊದಲು ಗಮನಿಸಿದ್ದು ಯಾರು ಎಂದು ಅವರು ಕೇಳಿದಾಗ ನನ್ನ ಅತ್ತೆ ಎಂದೆ. ನಾನು ನಿಮ್ಮ ಮಾತು ಕೇಳಿದ್ದರೆ ತಿಂಗಳು ಮುಂಚೆಯೇ ಬರುತ್ತಿದ್ದೆವು. ಅದರಿಂದ ಏನು ವ್ಯತ್ಯಾಸವಾಗುತ್ತಿತ್ತು ಎಂದು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಅನುವಿನ ಕೂದಲೆಲ್ಲ ಉದುರಿದೆ. ಔಷಧಿಗೆ ಮುಖ ಊದಿಕೊಂಡಿದೆ, ನೋಡಿದ ತಕ್ಷಣ ಗುರುತು ಸಿಗಲಿಕ್ಕಿಲ್ಲ, ಗಾಬರಿಯಾಗಬೇಡಿ. ಬಾಯಿಯೆಲ್ಲ ಹುಣ್ಣು, ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ. ನರ್ಸುಗಳ ಹೆಸರೆಲ್ಲ ಕಲಿತಿದ್ದಾಳೆ. ಕಾಲುನೋವು ಬಂದಾಗ ನಾನು ಮುಟ್ಟಲು ಹೋದರೆ, “ನಿಂಗೆ ಬರಲ್ಲ ಬುಡಮ್ಮ, ಅಜ್ಜಿ ಬರ್ಲಿ” ಅನ್ನುತ್ತಾಳೆ.

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಜನ ಸೇರಿದ್ದಾಗ ಹೋಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: ನಮ್ಮತ್ತೆ ಮಗುವಿನ ಮೇಲೆ ಕೈ ಮಾಡಲಿಲ್ಲ, ಅದು ಕಾಯಿಲೆಯ ಗುರುತು, ಆವತ್ತು ನಾನು ಆಡಿದ್ದೆಲ್ಲ ಸುಳ್ಳು. ಪಕ್ಕದ ಮನೆ ಸಣ್ಣತಾಯಮ್ಮ ಕ್ಯಾನು ಕೆಳಗಿಟ್ಟು ಬಂದು ನನ್ನ ಕೈ ಹಿಡಿದು, “ಆವತ್ತೇ ನಂಗೆ ನಂಬ್ಕೆ ಬರ್ನಿಲ್ಲ ಕಣವ್ವ. ಆದ್ರೂ ಬಾಯ್ಬುಡ್ನಿಲ್ಲ, ನಂದೂ ತಪ್ಪದೆ” ಎಂದು ಕಣ್ಣೊರೆಸಿಕೊಂಡರು. ನೀವು ಈ ಬೀದಿಯಲ್ಲಿ ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಬೈಯಲಿಕ್ಕಾದರೂ ಬನ್ನಿ.

ದೇವಯ್ಯ ಮಾವನಿಗೂ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಪಾದಕ್ಕೆ ಬೀಳುತ್ತೇನೆ.

ನಿಮ್ಮ ಸೊಸೆ,
ರೂಪಶ್ರೀ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ: ಶುಕ್ರವಾರ ನಿಮ್ಮ ಮಗ ರಕ್ತ ಕೊಡುವವರನ್ನು ಕರೆತರಲು ಹೋಗಿದ್ದಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದಿದ್ದರು. ಒಂದು ತಿಂಗಳ ಔಷಧಿಗೆ ಕಾಯಿಲೆ ಬಗ್ಗಿಲ್ಲವಂತೆ. ಗುರುವಾರದಿಂದ ಇನ್ನೂ ಜೋರಿನದು ಕೊಡುತ್ತಾರೆ, ಮಗುವಿನ ಮೈ ಅದನ್ನು ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಅಂದರು. ನೋಡಬೇಕಾದವರು ಇದ್ದರೆ ಅದಕ್ಕೆ ಮುಂಚೆ ಬಂದು ಹೋಗಲಿ ಅಂದರು. ಎದುರುಮನೆ ಕಿರಣ್ ಕುಮಾರ್ ನಾಳೆ ಗೊಬ್ಬರದ ಲೋಡು ಇಳಿಸಲು ನಿಮ್ಮ ಕಡೆಯ ಕೋಟೆ ಪಟ್ಟಣಕ್ಕೆ ಹೋಗುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ವಾಪಸ್ಸು ಬರುವಾಗ ಅವನ ಗಾಡಿಯಲ್ಲೇ ಹೊರಟುಬಿಡಿ, ಮೈಸೂರಿಗೆ ಬಿಟ್ಟು ಬರುತ್ತಾನೆ. ನಿಮ್ಮ ಮಗನಿಗೆ ನಾನು ಇನ್ನೂ ಹೇಳಿಲ್ಲ ಅತ್ತೆ. ಒಬ್ಬಳೇ ಹೇಳಲು ನನ್ನಿಂದ ಆಗುವುದಿಲ್ಲ.